ಕೊಟುಕು ಗಾಳಿಗೆ ಎದುರು ಹತ್ತಿತು

ಫಾಂಗರೇ
ಏಪ್ರಿಲ್ ಕೊನೇ ಶನಿವಾರ, ತಿಂಡಿ ಆದ್ಮೇಲೆ

ಅಮ್ಮಾ,

ಕದ್ದಿದ್ದಲ್ಲ. ಕದಿಯೋನು ದೋಣಿ ತಗೊಂಡೋಗಿ, ಸಂಜೆಯೊಳಗೆ ಅದೇ ಜಾಗಕ್ಕೆ ತಂದು ಕಟ್ಟಿ, ಉಪ್ಪುನೀರು ತೊಳೆದು, ಹಾಯಿ ಮಡಚಿಟ್ಟು ಮನೆಗೆ ಬರ್ತಾನಾ? ಹಾಳು ಮಾಡಿದ್ದೂ ಅಲ್ಲ. ದೋಣಿಯ ಎರಡು ಒಡಲಲ್ಲಿ ಬಲಗಡೇದರ ತಳಕ್ಕೆ ತೂತು ಕೊರೆದೆ, ಹೌದು. ನೀನೇ ಎಳೆದ ಗೆರೆ ಮೇಲೆ ಕೊರೆದೆ. ಎರಡು ವರ್ಷದಿಂದ ನೀನು ಪೆನ್ಸಿಲಲ್ಲಿ ಗೆರೆ ಎಳೀತಿದ್ದೆ, ಅಳಿಸ್ತಿದ್ದೆ, ಮತ್ತೆ ಎಳೀತಿದ್ದೆ. ನೀನು ನೆಲ್ಸನ್‌ಗೆ ದೊಡ್ಡಮ್ಮನ ಮನೆಗೆ ಹೋದೆ. ನಾನು ಗರಗಸ ತಗೊಂಡೆ. ಅಷ್ಟೇ.

ಇದನ್ನ ಬಾಯಲ್ಲೇ ಹೇಳ್ತಿದ್ದೆ. ಆದ್ರೆ ನಾನು ಗ್ಯಾರೇಜಿಗೆ ಕಾಲಿಟ್ಟ ತಕ್ಷಣ ನೀನು ಮರ ಉಜ್ಜೋ ಮಷೀನ್ ಆನ್ ಮಾಡ್ತೀಯ. ನಾನು ಬಾಯಿ ಮುಚ್ಚಿದ್ರೆ ಅದೂ ಮುಚ್ಚುತ್ತೆ. ಆ ಚುಕ್ಕಾಣಿ ಹಿಡೀನ ಇನ್ನೂ ಉಜ್ಜಿದ್ರೆ ಹಲ್ಲುಕಡ್ಡಿ ಆಗುತ್ತೆ ನೋಡ್ಕೋ. ಅಪ್ಪನ ಕೈಲಿ ಹೇಳಿ ಕಳಿಸೋಣ ಅಂತ ಅಡುಗೆಮನೆಗೆ ಹೋದ್ರೆ, ಅವನು ಫೀಜೋವಾ ಹಣ್ಣಿನ ಚಟ್ನಿ ಕುದಿಸ್ತಾ ನಿಂತಿದಾನೆ. "ವಾರವೆಲ್ಲ ಬಸ್ ಓಡಿಸ್ತೀನಿ ಕಣೋ. ಶನಿವಾರವೂ ನಿಮ್ಮಿಬ್ಬರ ಬೈಗುಳ ಹೊತ್ಕೊಂಡು ಟ್ರಿಪ್ ಹೊಡೀಬೇಕಾ? ಬರೆದಿಟ್ಟು ಹೋಗು" ಅಂದ. ಅದಕ್ಕೆ ಬರೀತಿದೀನಿ. ಹದಿನೈದಕ್ಕೆ ಸ್ಕೂಲ್ ಬಿಟ್ಟೋನು, ತಪ್ಪಿದ್ರೆ ನೀನೇ ತಿದ್ಕೊಂಡು ಓದು.

ನಂಗೆ ಗೊತ್ತಮ್ಮ ಯಾವತ್ತಿಂದ ಹೀಗಾದೆ ಅಂತ. ಟೋಂಗಾದಲ್ಲಿ, ಹಾಪೈ ದ್ವೀಪಗಳ ಹತ್ರ, ಆ ಮಧ್ಯಾಹ್ನ. ಗಾಳಿ ಇದ್ದಕ್ಕಿದ್ದಂಗೆ ತಿರುಗ್ತು. ಬೆನ್ನಿಗೆ ಹವಳದ ದಿಬ್ಬ. ಪ್ರೊಪೆಲರ್‌ಗೆ ಹಗ್ಗ ಸುತ್ಕೊಂಡು ಒಂದು ಎಂಜಿನ್ ಸತ್ತಿತ್ತು, ಇನ್ನೊಂದಕ್ಕೆ ಅಷ್ಟು ಗಾಳಿ ತಳ್ಳೋ ತಾಕತ್ತಿಲ್ಲ. ಹಾಯಿ ಏರಿಸಿದ್ವಿ. ನಮ್ಮ ದೋಣಿ ಕೊಟುಕು ಮುಂದಕ್ಕೆ ಹೋಗೋ ಬದಲು ಏಡಿ ತರ ಪಕ್ಕಪಕ್ಕಕ್ಕೆ ಜಾರ್ತಿತ್ತು. ನೀನು ಚುಕ್ಕಾಣಿ ಹಿಡ್ಕೊಂಡೇ ಒಂದ್ಸಲ ನನ್ನ ಕಡೆ ನೋಡಿದೆ. ಒಂದೇ ಸಲ. ದಿಬ್ಬದ ಕಡೆ ನೋಡ್ಲೇ ಇಲ್ಲ. ಆಮೇಲೆ ಗಾಳಿ ಅದರಷ್ಟಕ್ಕೆ ಅದೇ ಸ್ವಲ್ಪ ವಾಲ್ತು, ಬಚಾವಾದ್ವಿ. ಮನೆಗೆ ಬಂದ್ವಿ. ಅಲ್ಲಿಂದ ಇಲ್ಲೀತನಕ ನೀನು ನದಿ ಬಾಯಿ ದಾಟಿಲ್ಲ.

"ದೋಣಿ ಇನ್ನೂ ರೆಡಿ ಇಲ್ಲ ಕಣೋ ಫ್ಲಿನ್" ಅಂದೆ. ನಾನು ನಂಬಿದೆ. ಹಾಯಿಕಂಬದ ತಂತಿ ಎಲ್ಲ ಬದಲಾಯಿಸ್ದೆ. ನೀರಲ್ಲಿ ಎಳೆದಾಡದ ಹಾಗೆ ರೆಕ್ಕೆ ಮಡಚ್ಕೊಳ್ಳೋ ಪ್ರೊಪೆಲರ್ ಹಾಕಿದೆ. ಹೊಟ್ಟೆ ಜೋತುಬಿದ್ದ ಹಳೇ ಹಾಯಿ ತೆಗೆದು ಹೊಸದು ಹೊಲಿಸ್ದೆ. ತಳ ಕೆರೆದು ಕೆರೆದು ಮೂಗಿನ ತುಂಬ ನೀಲಿ ಬಣ್ಣ. ಒಂದು ಕೆಲಸ ಮುಗಿದ್ರೆ ನಿಂಗೆ ಇನ್ನೊಂದು ಕಾಣಿಸ್ತಿತ್ತು. ಮೇ ಬರ್ತಿತ್ತು, ನದೀಲಿದ್ದ ದೋಣಿಗಳೆಲ್ಲ ದ್ವೀಪಗಳ ಕಡೆ ಹೊರಡ್ತಿದ್ವು, ನಾವಿಬ್ರೂ ದಡದಲ್ಲಿ ನಿಂತು ಮದುವೆ ಮನೆ ಹೊರಗೆ ನಿಂತೋರ ತರ ಕೈ ಬೀಸ್ತಿದ್ವಿ.

ದೋಣಿ ರಿಪೇರಿ ಯಾರ್ಡಲ್ಲಿ ಸಿಯೊಸಿ ನಮ್ಮ ಸಾಮಾನೆಲ್ಲ ತೂಗಿದ್ದು ನೆನಪಿದೆಯಾ? ಅವನ ಯಾರ್ಡು, ಅವನ ರೂಲ್ಸು. ನಮ್ಮದರ ತರ ಎರಡು ಒಡಲಿನ ಕಟಮರಾನ್ ಬಂದ್ರೆ ಒಳಗಿರೋದೆಲ್ಲ ಹುಲ್ಲಿನ ಮೇಲೆ ಬರಬೇಕು. ಒಂದೊಂದೂ ತಕ್ಕಡಿಗೆ ಏರ್ಬೇಕು. ಕೊನೇ ಸಲ ಯಾವಾಗ ಬಳಸಿದ್ದು ಅಂತ ಕ್ಯಾಪ್ಟನ್ ಹೇಳ್ಬೇಕು, ಹೇಳೋಕಾಗದಿದ್ರೆ ಅದು ವಾಪಸ್ ಹತ್ತಂಗಿಲ್ಲ. ನೀನು ಆ ಕಬ್ಬಿಣದ ವಾಫಲ್ ಕಾವಲಿ ಎದೆಗವಚ್ಕೊಂಡು "ಹೋದ ಕ್ರಿಸ್‌ಮಸ್‌ಗೆ" ಅಂದೆ. "ಯಾವ ಕ್ರಿಸ್‌ಮಸ್ ನೋಲೀನಕ್ಕ? ಇವನು ತೊಟ್ಟಿಲಲ್ಲಿದ್ನಲ್ಲ, ಅದಾ?" ಅಂದ ಸಿಯೊಸಿ. ನೀನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು. ಹುಲ್ಲಿನ ಮೇಲೆ ಕೂತ್ಕೊಂಡು ಕಣ್ಣೊರೆಸ್ಕೊಂಡೆ. ನಂಗೆ ಆ ಅಮ್ಮ ಬೇಕು.

ಅದಾದ ಮೇಲೆ ಪರೀಕ್ಷೆಗೆ ಅಂತ ಒಂದಿನ ನೀರಿಗಿಳಿಸಿದ್ವಲ್ಲ. ನೀರು ಇಲ್ಲೀತನಕ ಮಾತ್ರ ಬರ್ಬೇಕು ಅಂತ ನಾನು ಬಳಿದಿದ್ದ ಗೆರೆ ಪೂರ್ತಿ ಮುಳುಗಿಹೋಗಿತ್ತು. ಅಷ್ಟೆಲ್ಲ ಭಾರ ಇಳಿಸಿದ್ದೀವಿ, ಇದ್ಯಾಕೆ ಹೀಗೆ ಅಂತ ಮಂಡಿಯೂರಿ ನೆಲದ ಹಲಗೆ ಎತ್ತಿದೆ. ಮೂರನೇ ಲಂಗರು. ಹೊಸಾ ಸರಪಣಿ, ಎರಡು ಸುರುಳಿ. ಇನ್ನೊಂದು ಲೈಫ್‌ರಾಫ್ಟ್. ನೀರಿನ ಡ್ರಮ್ಮು. ಬ್ಯಾಟರಿ. ಎಲ್ಲಾ ಹಾಪೈ ಆದ್ಮೇಲೆ ನೀನು ತಂದಿದ್ದು.

ಅದನ್ನೆಲ್ಲ ನಾನೊಬ್ಬನೇ ಹೊರಗೆ ತೆಗೆದೆ. ಹೊತ್ಕೊಂಡು ಹೋಗಿ ಸಿಯೊಸಿ ಶೆಡ್ಡಲ್ಲಿಟ್ಟೆ. ಹದಿನೈದು ದಿನ ಬಿಟ್ಟು ನೋಡಿದ್ರೆ ಅದೇ ಜಾಗದಲ್ಲಿ ಬೇರೆ ಸಾಮಾನು. ಅದನ್ನೂ ನಾನು ಹೊತ್ಕೊಂಡು ಹೋದೆ. ಎರಡು ಬೇಸಿಗೆ ನಾವು ಮಾಡಿದ್ದು ಇದನ್ನೇ ಅಮ್ಮ. ನಾನು ತೆಗೀತಿದ್ದೆ, ನೀನು ತುಂಬ್ತಿದ್ದೆ. ಆಮೇಲೆ ಇಬ್ರೂ ಒಟ್ಟಿಗೆ ಕೂತು ಚಿಪ್ಸ್ ತಿಂತಿದ್ವಿ.

ಈಗ ಮಷೀನ್ ಆಫ್ ಮಾಡಿ ಇದನ್ನ ಓದು. ಒಂದೇ ಒಡಲಿನ ದೋಣಿ ಭಾರ ತಡ್ಕೊಳ್ಳುತ್ತೆ. ನಮ್ಮದಕ್ಕೆ ಇರೋದು ಎರಡು ಸಣಕಲು ಒಡಲು, ಮೇಲೆ ಒಂದು ಮನೆ. ಭಾರ ಹಾಕಿದಷ್ಟೂ ಮುಳುಗುತ್ತೆ, ಮುಳುಗಿದಷ್ಟೂ ಅಲೆ ಕೆಳಗಿಂದ ಮನೆಗೆ ಗುದ್ದುತ್ತೆ, ಗಾಳಿಗೆ ಎದುರು ಹತ್ತೋದು ಬಿಟ್ಟು ಜಾರುತ್ತೆ. ಇದನ್ನ ನಂಗೆ ಹೇಳ್ಕೊಟ್ಟಿದ್ದು ಯಾವ ಮೇಷ್ಟ್ರೂ ಅಲ್ಲ, ನೀನು. ನಾನು ಮುಳುಗಬಾರ್ದು ಅಂತ ನೀನು ತಂದಿಟ್ಟ ಒಂದೊಂದು ಲಂಗರೂ ನಮ್ಮನ್ನ ಅದೇ ಹವಳದ ದಿಬ್ಬಕ್ಕೆ ಹತ್ತಿರ ತಳ್ತಿತ್ತು. ನಿಂಗೆ ಇದು ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ. ಗೊತ್ತಿದ್ದೂ ತಂದಿಡ್ತಿದ್ದೆ. ನಂಗೆ ಕೋಪ ಬರೋದು ಅದಕ್ಕೇ. ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ದಡ್ಡರು ಅಂತ ಸುಮ್ಮನಾಗ್ತಿದ್ದೆ.

ಅದಕ್ಕೇ ಕೊರೆದೆ. ನಿನ್ನ ನಕ್ಷೆ ಪ್ರಕಾರವೇ ಪೆಟ್ಟಿಗೆ ಕೂರಿಸ್ದೆ, ದೋಣಿ ಪಕ್ಕಕ್ಕೆ ಜಾರದ ಹಾಗೆ ಅದರೊಳಗಿಂದ ನೀರಿಗೆ ಇಳಿಸೋ ಉದ್ದನೆ ಹಲಗೆ ಮಾಡ್ದೆ. ಒಳಗಿದ್ದ ಭಾರವೆಲ್ಲ ಶೆಡ್ಡಿಗೆ ಹೋಯ್ತು. ಒಂದು ಒಳ್ಳೇ ಲಂಗರು ಬಿಟ್ಟಿದೀನಿ, ಅದು ಕೈಕೊಟ್ರೆ ಇರ್ಲಿ ಅಂತ ಇನ್ನೊಂದು. ಲೈಫ್‌ರಾಫ್ಟ್ ಒಂದು. ನಾನೇನು ಹುಚ್ಚನಲ್ಲ.

ನಿನ್ನೆ ನಾನು, ಸಿಯೊಸಿ ಇಬ್ರೇ ನದಿ ಬಾಯಿ ದಾಟಿದ್ವಿ. ಎದುರು ಗಾಳಿ, ಒಳ್ಳೇ ಗಾಳಿ. ನೀರಲ್ಲಿ ದೋಣಿಗಳಿಗೆ ದಾರಿ ತೋರ್ಸೋ ಆ ಕೆಂಪು ಬುರುಜು ಇದೆಯಲ್ಲ, ನಾವು ಎಷ್ಟು ಸಲ ಅಡ್ಡಡ್ಡ ಓಡಾಡಿದ್ರೂ ಹಿಂದೆ ಬೀಳ್ತಾನೇ ಇರ್ಲಿಲ್ಲ, ಕೊನೆಗೆ ಬೈಕೊಂಡು ಎಂಜಿನ್ ಹಾಕ್ತಿದ್ವಲ್ಲ, ಅಲ್ಲೇ ಹಲಗೆ ಇಳಿಸ್ದೆ. ಕೊಟುಕು ನೀರನ್ನ ಕಚ್ಚಿ ಹಿಡೀತು ಅಮ್ಮ. ಜಾರೋದು ನಿಂತೇಹೋಯ್ತು. ಚುಕ್ಕಾಣಿ ಕೈಯಲ್ಲಿ ನಡುಗ್ತಿತ್ತು. ಒಂದು ತಿರುವು, ಇನ್ನೊಂದು ತಿರುವು, ಬುರುಜು ಹಿಂದೆ ಹೋಯ್ತು. ಸಿಯೊಸಿ ಹಿಂದಕ್ಕೆ ತಿರುಗಿ ಆ ಬುರುಜನ್ನೇ ನೋಡ್ದ. ಆಮೇಲೆ "ನಿಮ್ಮಮ್ಮ ಇರ್ಬೇಕಿತ್ತು ಕಣೋ" ಅಂದ. ನಾನು ಅವನಿಗೆ ಬೈದೆ. ಯಾಕಂದ್ರೆ ಅದಕ್ಕಿಂತ ಮುಂಚೆನೇ ನಾನು ನಿಂಗೆ ತೋರ್ಸೋಕೆ ಅಂತ ಎಡಗಡೆ ತಿರುಗಿದ್ದೆ. ನೀನು ಯಾವಾಗ್ಲೂ ನಿಲ್ಲೋ ಜಾಗ ಖಾಲಿ ಇತ್ತು.

ನಿಂಗೆ ಫೋನ್ ಮಾಡಿ ಹೇಳೋಣ ಅಂತ ಮನೆಗೆ ಓಡಿ ಬಂದ್ರೆ, ನೀನು ಹೇಳಿದ್ದಕ್ಕಿಂತ ಒಂದಿನ ಮುಂಚೆನೇ ನೆಲ್ಸನ್‌ನಿಂದ ಬಂದುಬಿಟ್ಟಿದ್ದೆ. ಸೀದಾ ಯಾರ್ಡಿಗೇ ಹೋಗಿದ್ದೆಯಂತೆ, ದೋಣಿ ನಿಂತಿದ್ದ ಜಾಗ ಬರೀ ಖಾಲಿ. ಕೈಲಿದ್ದ ಬ್ಯಾಗ್ ಕೂಡ ಕೆಳಗಿಡದೆ ನದಿ ನೋಡ್ತಾ ನಿಂತಿದ್ಲು ಅಂತ ಸಿಯೊಸಿ ಹೆಂಡತಿ ಹೇಳಿದ್ಲು. ಅದಕ್ಕೆ ಸಾರಿ. ಹೇಳದೆ ನೀರಿಗಿಳಿಸಿದ್ದಕ್ಕೆ ಸಾರಿ. ಕೊರೆದಿದ್ದಕ್ಕಲ್ಲ.

ಈಗ ಇಷ್ಟೇ. ಮುಂದಿನ ವಾರ ದಕ್ಷಿಣದ ಗಾಳಿ ಬರುತ್ತೆ, ಎಲ್ಲರೂ ಹೊರಡ್ತಾರೆ. ಸಿಯೊಸಿ ಟೋಂಗಾಕ್ಕೆ, ಅವನ ಊರಿಗೆ ಹೋಗ್ಬೇಕು, "ಬಾರೋ, ನಾವಿಬ್ರೇ ಹೋಗ್ಬಿಡೋಣ" ಅಂತಾನೆ. ಆಗಲ್ಲ ಅಂದೆ. ಕ್ಯಾಪ್ಟನ್ ಇಲ್ಲದೆ ಕೊಟುಕು ಎಲ್ಲೂ ಹೋಗಲ್ಲ. ನೀನು "ನಂಗೆ ಭಯ ಆಗುತ್ತೆ ಕಣೋ" ಅನ್ನು, ನಾನು ಕೇಳ್ತೀನಿ. ಟೋಂಗಾ ಬೇಡ ಅನ್ನು, ನದಿ ಬಾಯಿ ತನಕ ಹೋಗಿ ಬರೋಣ, ನಾಳೆ ಇನ್ನೊಂದ್ಸಲ ಹೋಗೋಣ, ಈ ವರ್ಷ ಬರೀ ಅಷ್ಟೇ ಮಾಡೋಣ. ಆದ್ರೆ ದೋಣಿ ರೆಡಿ ಇಲ್ಲ ಅಂತ ಇನ್ನೊಂದ್ಸಲ ಹೇಳ್ಬೇಡ. ಹೇಳಿದ್ರೆ ಬೀಗದಕೈ ನಿನ್ನ ಮುಂದಿಟ್ಟು ಆಕ್ಲೆಂಡಲ್ಲಿ ಯಾವುದಾದ್ರೂ ಯಾರ್ಡಿಗೆ ಸೇರ್ಕೊಳ್ತೀನಿ. ಬೇರೆಯವರ ದೋಣಿ ರಿಪೇರಿ ಮಾಡ್ತೀನಿ, ಅವಾದ್ರೂ ಹೊರಡ್ತವೆ.

ಇವತ್ತಿಂದ ನಾನು ದೋಣೀಲೇ ಮಲಗ್ತೀನಿ. ಬಟ್ಟೆ ತಗೊಂಡಿದೀನಿ, ಅಪ್ಪ ಒಂದು ಬಾಟ್ಲಿ ಚಟ್ನಿ ಕೊಟ್ಟಿದಾನೆ, ಇನ್ನೂ ಬಿಸಿ ಇದೆ. ಈ ಕಾಗದ ನಿನ್ನ ಟೀ ಕಪ್ ಕೆಳಗಿಡ್ತೀನಿ. ಆಮೇಲೆ ಮುಂಬಾಗಿಲನ್ನ ನಿನ್ನ ಮಷೀನಿಗಿಂತ ಜೋರಾಗಿ ಬಡಿದು ಹೋಗ್ತೀನಿ. ಕೇಳಿಸ್ಲಿಲ್ಲ ಅಂತ ಆಮೇಲೆ ಹೇಳ್ಬಾರ್ದು.

ನಿನ್ನ ಮಗ,
ಫ್ಲಿನ್

ತಾ.ಕ.: ಹಲಗೆ ಕೂರೋ ಪೆಟ್ಟಿಗೆ ಬುಡದಲ್ಲಿ ನೀರು ಜಿನುಗ್ತಿದೆ. ಜಾಸ್ತಿ ಏನಿಲ್ಲ, ಬೆಳಿಗ್ಗೆ ಹೋಗಿ ನೋಡಿದಾಗ ಒಂದು ಲೋಟದಷ್ಟು. ಎಲ್ಲಾ ಕಡೆ ಬೆರಳಾಡಿಸಿ ನೋಡ್ದೆ, ಎಲ್ಲಿಂದ ಬರ್ತಿದೆ ಅಂತ ನಂಗೆ ಗೊತ್ತಾಗ್ತಿಲ್ಲ. ಸಿಯೊಸಿಗೆ ಹೇಳಿಲ್ಲ, ಹೇಳೋದೂ ಇಲ್ಲ. ನೀನು ಬಂದು ನೋಡಮ್ಮ.