ಶುಕ್ರವಾರದ ಅರ್ಧ ಚಮಚ ಬೆರಟಿ

ಮಾಮಾ,

ನಮ್ಮ ಊರಿನಲ್ಲಿ ಮಾಮ ಎಂದರೆ ಸೋದರಮಾವ. ಕುವೈತಿಗೆ ಬಂದ ಹೊಸದರಲ್ಲಿ ಮನೆಯ ಯಜಮಾನಿಯನ್ನು ಕೆಲಸದವರೆಲ್ಲ ‘ಮಾಮಾ’, ಅಂದರೆ ಅಮ್ಮ, ಎಂದು ಕರೆಯುವುದನ್ನು ಕೇಳಿ ನನಗೆ ನಗು ಬಂದಿತ್ತು. ಆಮೇಲೆ ನಿಮ್ಮ ಮನೆಯಲ್ಲಿ ಒಂಬತ್ತು ವರ್ಷ ದಿನಕ್ಕೆ ಐವತ್ತು ಸಲ ನನ್ನ ಬಾಯಲ್ಲೂ ಅದೇ ಬಂತು. ನಿಮ್ಮ ಭಾಷೆಯಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ‘ನೀನು’. ನಾನೂ ನಿಮ್ಮನ್ನು ಹಾಗೆಯೇ ಮಾತಾಡಿಸಿದೆ. ಕನ್ನಡದಲ್ಲಿ ಬರೆಯುವಾಗ ಮಾತ್ರ ಕೈ ತಾನಾಗಿ ‘ನೀವು’ ಎಂದು ಬರೆಯುತ್ತದೆ. ನಿಮಗೆ ಕನ್ನಡ ಬರುತ್ತಿರಲಿಲ್ಲ, ಗೊತ್ತು. ಈಗ ನೀವಿರುವ ಕಡೆ ಅದನ್ನೆಲ್ಲ ಯಾರು ಕೇಳುತ್ತಾರೆ?

ನೀವು ಓಟ್ಸಿನ ಬಟ್ಟಲನ್ನು ಸಿಂಕಿಗೆ ಮಗುಚಿದ ಆ ಬೆಳಿಗ್ಗೆ ಫಿಂಟಾಸಿನ ಕಡಲು ಹಾಲಿನ ಹಾಗೆ ಬೆಳ್ಳಗಿತ್ತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ನಿಮಗೆ ಶುಗರ್ ಏರಿದೆಯೆಂದು ಡಾಕ್ಟರು ಬೆಳಗಿನ ರೊಟ್ಟಿ, ಜೇನು, ಖರ್ಜೂರದ ಹಲ್ವಾ ಎಲ್ಲ ನಿಲ್ಲಿಸಿ ಒಂದು ವಾರವಾಗಿತ್ತು. ಮಹಡಿಯ ಮೇಲೆ ಸಂಸಾರ ಮಾಡಿಕೊಂಡಿದ್ದ ನಿಮ್ಮ ಮಗಳು ಹೆಸ್ಸಾ, ಆಫೀಸಿಗೆ ಹೊರಡುವ ಮೊದಲು ನನ್ನ ಕೈಗೆ ಒಂದು ಚೀಟಿ ಕೊಟ್ಟಿದ್ದರು. ನೀರಿನಲ್ಲಿ ಬೇಯಿಸಿದ ಓಟ್ಸ್, ಚಿಟಿಕೆ ಉಪ್ಪು, ಮುಗಿಯಿತು. “ಇದನ್ನು ನೀನು ತಿಂದು ನೋಡಿದ್ದೀಯಾ?” ಎಂದು ನೀವು ಕೇಳಿದಿರಿ. ಇಲ್ಲ ಎಂದೆ. “ತಿನ್ನು.” ತಿಂದೆ. ಗೋಡೆಗೆ ಪೋಸ್ಟರ್ ಹಚ್ಚುವ ಮೈದಾ ಅಂಟಿನ ನೆನಪಾಯಿತು. ನನ್ನ ಮುಖ ನೋಡಿದ್ದೇ ತಡ, “ಖಲಾಸ್!” ಎಂದು ಬಟ್ಟಲನ್ನೇ ಮಗುಚಿದಿರಿ.

ಅದಾಗಿ ನಾಲ್ಕನೇ ದಿನ ನೀವು ಬಿದ್ದಿರಿ. ಏನೂ ತಿನ್ನದೆ ಮಾತ್ರೆ ನುಂಗಿ, ಶುಗರ್ ತೀರಾ ಇಳಿದು, ಹಜಾರದ ರತ್ನಗಂಬಳಿಯ ಮೇಲೆ ಸದ್ದಿಲ್ಲದೆ ಕುಸಿದಿದ್ದಿರಿ. ಕಿತ್ತಳೆ ರಸ ಕುಡಿಸುವಾಗ ಅರ್ಧ ನಿಮ್ಮ ಕುತ್ತಿಗೆಗೆ ಚೆಲ್ಲಿತ್ತು. ಆಫೀಸಿನಿಂದ ಓಡಿ ಬಂದ ಹೆಸ್ಸಾ ನಿಮ್ಮ ಮಂಚದ ಪಕ್ಕದಲ್ಲೇ ನಿಂತು ನನಗೆ ಹೇಳಿದರು: “ಇನ್ನೊಂದು ಸಲ ಹೀಗಾದರೆ ಈ ಮನೆಯಲ್ಲಿ ಅಮ್ಮನಿಗೆ ಅಡುಗೆಯೇ ಬೇಡ. ಡಯಟ್ ಕಂಪನಿಯ ಡಬ್ಬಿ ಬರುತ್ತದೆ, ನೋಡಿಕೊಳ್ಳಲು ನರ್ಸ್ ಬರುತ್ತಾಳೆ. ನೀನು ಊರಿಗೆ ಹೋಗಬಹುದು.” ನೀವು ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಂಡಿರಿ. ಅವರು ಮಹಡಿ ಹತ್ತಿದ ಮೇಲೆ ಹೇಳಿದಿರಿ: “ಸುಕ್ಕರ್, ಪ್ಲಾಸ್ಟಿಕ್ ಡಬ್ಬಿಯಿಂದ ತಿನ್ನುವುದಕ್ಕೆ ನಾನು ಇಷ್ಟು ವರ್ಷ ಬದುಕಲಿಲ್ಲ. ಏನಾದರೂ ಮಾಡು.” ನನ್ನ ಹೆಸರು ಶೇಖರ. ಅದು ನಿಮ್ಮ ನಾಲಿಗೆಗೆ ಸಿಕ್ಕಿದ್ದೇ ಸುಕ್ಕರ್ ಆಗಿಬಿಟ್ಟಿತ್ತು, ನಿಮ್ಮ ಭಾಷೆಯ ಸಕ್ಕರೆ. ಸಕ್ಕರೆ ತಿನ್ನಬಾರದ ಮನೆಯಲ್ಲಿ ದಿನವಿಡೀ ನೀವು ಕರೆಯುತ್ತಿದ್ದ ಹೆಸರು ಅದು!

ಏನು ಮಾಡಲಿ? ನಿಮ್ಮ ಮನೆಗೆ ಬರುವ ಮೊದಲು ಇದೇ ಕುವೈತಿನ ಖೈತಾನಿನ ಹೋಟೆಲಿನಲ್ಲಿ ಹದಿನಾಲ್ಕು ವರ್ಷ ಇಡ್ಲಿ, ದೋಸೆ, ಬನ್ಸ್ ಮಾಡಿದವನು ನಾನು. ನಿಮ್ಮ ಮನೆಯ ಒವನ್‌ನಲ್ಲಿ ಮೀನು, ಕುರಿಯ ತೊಡೆ ಬಿಟ್ಟು ಬೇರೇನೂ ಇಟ್ಟವನಲ್ಲ. ಫೋನಿನಲ್ಲಿ ಯಾರೋ ಹೆಂಗಸು ಓಟ್ಸನ್ನು ಕೇಕಿನಂತೆ ಬೇಯಿಸುವುದನ್ನು ನೋಡಿ, ಇದು ನನ್ನಿಂದಲೂ ಆದೀತು ಅನ್ನಿಸಿತು. ಓಟ್ಸ್, ಹಾಲು, ಎರಡು ಮೊಟ್ಟೆ, ಅರ್ಧ ಬಾಳೆಹಣ್ಣು ಹಿಸುಕಿದ್ದು. ಸಕ್ಕರೆಯಿಲ್ಲ. ಆದರೆ ನೀವು ಹಬ್ಬಕ್ಕೆ ಮಾಡಿಸುತ್ತಿದ್ದ ಗರ್ಸ್ ಒಗೇಲಿ ಕೇಕಿನ ವಾಸನೆ ನನ್ನ ಮೂಗಿನಲ್ಲೇ ಇತ್ತಲ್ಲ. ಅದಕ್ಕೆ ಹಾಕುವ ಏಲಕ್ಕಿ ಪುಡಿಯನ್ನು ಇದಕ್ಕೂ ಹಾಕಿದೆ. ಕೇಸರಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ಸುರಿದೆ. ಮೇಲೆ ಎಳ್ಳು ಉದುರಿಸಿದೆ. ಮುಕ್ಕಾಲು ಗಂಟೆಯ ಹೊತ್ತಿಗೆ ಆ ಪರಿಮಳ ಹಜಾರ ದಾಟಿ ನಿಮ್ಮ ಕೋಣೆಗೆ ಹೋಗಿ ನಿಮ್ಮನ್ನು ಎಬ್ಬಿಸಿಕೊಂಡು ಬಂತು. ತಲೆಗೆ ಬಟ್ಟೆ ಸರಿ ಮಾಡಿಕೊಳ್ಳುತ್ತ, ನಿದ್ದೆಗಣ್ಣಿನಲ್ಲಿ, ಇವತ್ತು ಯಾವ ಹಬ್ಬ ಎಂದು ಹುಡುಕುವವರ ಹಾಗೆ ಬಂದಿರಿ. “ಕೇಕಾ?” “ಇಲ್ಲ ಮಾಮಾ, ಓಟ್ಸ್.” “ಸುಳ್ಳ!” ಎಂದಿರಿ. ಎರಡು ತುಂಡು ತಿಂದು, ಮಾತ್ರೆಗೆ ನೀವೇ ಕೈ ಚಾಚಿದಿರಿ.

ಆಮೇಲಿನ ಬೆಳಗುಗಳು ಈಗ ಒಂದರೊಳಗೊಂದು ಕಲೆತುಹೋಗಿವೆ. ಯಾವ ದಿನ ಯಾವುದು ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಕ್ಯಾರೆಟ್ ತುರಿದು ಹಾಕಿ ಹಲ್ವಾದಂತೆ ಮಾಡಿದ್ದುಂಟು. ತೆಂಗಿನಕಾಯಿ ಅರೆದು ನಮ್ಮ ಪಾಯಸದ ರುಚಿ ತಂದದ್ದುಂಟು. ಬಾದಾಮಿ, ಪಿಸ್ತಾ, ಒಂದು ಹನಿ ಗುಲಾಬಿ ನೀರು ಹಾಕಿದ ದಿನ ನೀವು ತಿನ್ನುವುದನ್ನೇ ಮರೆತು ಸುಮ್ಮನೆ ಮೂಸುತ್ತ ಕೂತಿದ್ದಿರಿ. ಹೊರಗೆ ಧೂಳು ಕವಿದು ಬೀದಿಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ ದಿನಗಳಲ್ಲಿ ಕಿಟಕಿ ಮುಚ್ಚಿ, ದೀಪ ಹಾಕಿ ತಿನ್ನುತ್ತಿದ್ದಿರಿ. ಆಗೆಲ್ಲ ಆ ಅಡುಗೆಮನೆ ನನಗೆ ಎಲ್ಲಿಗೋ ಹೊರಟ ಹಡಗಿನ ಹಾಗೆ ಕಾಣುತ್ತಿತ್ತು. ನಿಮಗೂ ಹಾಗೆ ಅನ್ನಿಸುತ್ತಿತ್ತೋ ಏನೋ. ಆ ದಿನಗಳಲ್ಲೇ ನೀವು ನಿಮ್ಮ ತಂದೆಯ ಮಾತು ತೆಗೆಯುತ್ತಿದ್ದದ್ದು.

ಒಂದು ದಿನ ತಟ್ಟೆಯನ್ನು ಸರಿಸಿ, “ನಿನ್ನ ಊರು ಮಂಜರೂರ್ ಅಲ್ಲವಾ?” ಎಂದು ಕೇಳಿದಿರಿ. ನೀವು ಮಂಗಳೂರಿಗೆ ಹೇಳುವುದು ಹಾಗೆ. ಹೌದು, ಅಲ್ಲೇ ಹತ್ತಿರ, ಸುರತ್ಕಲ್ ಎಂದೆ. ನಿಮ್ಮ ತಂದೆ ಬಸ್ರಾದ ಖರ್ಜೂರ ತುಂಬಿದ ಹಾಯಿಹಡಗಿನಲ್ಲಿ ಲೆಕ್ಕ ಬರೆಯುವವರಾಗಿ ನಮ್ಮ ಕಡೆಗೆ ಬರುತ್ತಿದ್ದರಂತೆ. ಮರ, ಹಗ್ಗ, ಹೆಂಚು, ಏಲಕ್ಕಿ ಹೇರಿಕೊಂಡು ತಿರುಗಿ ಬರುವಾಗ ನಿಮಗೆಂದು ಒಂದು ತಗಡಿನ ಡಬ್ಬಿ ತರುತ್ತಿದ್ದರಂತೆ. ಅದರಲ್ಲಿ ಕಪ್ಪಗೆ, ಮಿರಿಮಿರಿ ಮಿಂಚುವ, ಹಲ್ಲಿಗೆ ಅಂಟುವ ಒಂದು ಸಿಹಿ. ಆಗ ನಿಮಗೆ ಆರು ವರ್ಷ. ಎಂಟು ತುಂಬುವಷ್ಟರಲ್ಲಿ ತಂದೆ ಇರಲಿಲ್ಲ. “ಬಾಂಬೆ ಹಲ್ವಾ ತಿಂದೆ, ಮಸ್ಕತ್ ಹಲ್ವಾ ತಿಂದೆ. ಯಾವುದೂ ಅದಲ್ಲ. ಅಪ್ಪನ ಮುಖ ಮರೆತಿದೆ ಸುಕ್ಕರ್. ಆ ರುಚಿ ಮಾತ್ರ ಇಲ್ಲಿ...” ಎಂದು ನಾಲಿಗೆಯ ತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಿರಿ.

ಅವತ್ತೇ ಊರಿಗೆ ಫೋನ್ ಮಾಡಿ ನನ್ನ ಹೆಂಡತಿ ಜಲಜಳನ್ನು ಕೇಳಿದೆ. “ಕಪ್ಪು, ಅಂಟು, ತಿಂಗಳುಗಟ್ಟಲೆ ಹಾಳಾಗುವುದಿಲ್ಲ ಅಂದ್ರೆ ಮತ್ತೆಂಥದು? ಹಲಸಿನ ಹಣ್ಣಿನ ಬೆರಟಿಯೇ,” ಎಂದಳು. ಹಲಸಿನ ತೊಳೆಗೆ ಬೆಲ್ಲ ಹಾಕಿ, ಕಪ್ಪಗೆ ಮುದ್ದೆಯಾಗುವವರೆಗೆ ಕೈ ಬಿಡದೆ ಮಗುಚಿ ಮಾಡುವ ಬೆರಟಿ ನನಗೇಕೆ ಹೊಳೆಯಲಿಲ್ಲ? ಅವಳು ಒಂದು ಡಬ್ಬಿ ಕಟ್ಟಿ, ಖೈತಾನಿನಲ್ಲಿ ಅಂಗಡಿ ಇಟ್ಟಿರುವ ನಮ್ಮೂರಿನ ಹಮೀದಾಕ ರಜೆ ಮುಗಿಸಿ ಬರುವಾಗ ಕೊಟ್ಟು ಕಳಿಸಿದಳು. “ಎಂಥ ಮಾರಾಯ, ಅರಬ್ಬಿಯವರಿಗೂ ಬೆರಟಿ ತಿನ್ಲಿಕ್ಕೆ ಕಲಿಸಿದೆಯಾ ನೀನು?” ಎಂದು ಅವರು ನಕ್ಕರು. ಮರುದಿನ ಓಟ್ಸಿನ ಹಿಟ್ಟಿನ ನಡುವೆ ಒಂದು ಚಮಚ ಬೆರಟಿ ಇಟ್ಟು, ತೆಂಗಿನ ತುರಿ ಮುಚ್ಚಿ ಬೇಯಿಸಿದೆ.

ನೀವು ತಿನ್ನುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕಣ್ಣು ಮುಚ್ಚಿದಿರಿ. ಬಹಳ ಹೊತ್ತು ಅಗಿದಿರಿ. ನಿಮ್ಮ ಕೆನ್ನೆಯ ಸುಕ್ಕುಗಳು ಸಡಿಲಾಗಿ ಆರು ವರ್ಷದ ಒಂದು ಮುಖ ಈಗ ಹೊರಗೆ ಬಂದೀತು ಎಂದುಕೊಂಡೆ. ಕಣ್ಣು ತೆರೆದು, “ಇದು ಅದಲ್ಲ,” ಎಂದಿರಿ. ನನ್ನ ಮುಖ ಬಾಡಿರಬೇಕು. ನನ್ನ ಮೊಣಕೈ ತಟ್ಟಿ, “ಅದಲ್ಲ. ಆದರೆ ಅಪ್ಪ ಅಲ್ಲಿಗೆ ಅಷ್ಟು ಸಲ ಹೋದವರು ಇದನ್ನೂ ತಿಂದೇ ತಿಂದಿರುತ್ತಾರೆ. ನಾಳೆಯೂ ಮಾಡು,” ಎಂದಿರಿ. ಹುಡುಕಿದ್ದು ಸಿಗದಿದ್ದರೂ ಯಾರಾದರೂ ಅಷ್ಟು ಸಂತೋಷಪಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ತಪ್ಪು ಮಾಡಿದ್ದು ಅಲ್ಲಿ, ಮಾಮಾ. ಮರುದಿನವೂ ಮಾಡಿದೆ, ಅದರ ಮರುದಿನವೂ ಮಾಡಿದೆ. ನೀವು ಕೇಳುತ್ತ ಹೋದಿರಿ, ನಾನು ಹಾಕುತ್ತ ಹೋದೆ. ಒಂದು ಚಮಚ ಎರಡಾಯಿತು. ಬೆರಟಿಯಲ್ಲಿ ಅರ್ಧಕ್ಕರ್ಧ ಬೆಲ್ಲವೇ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆಳಿಗ್ಗೆ ನಿಮ್ಮ ಮುಖ ನೋಡಿದ ಕೂಡಲೇ ಗೊತ್ತಿದ್ದದ್ದು ಮರೆತುಹೋಗುತ್ತಿತ್ತು. ಎರಡನೇ ವಾರ ಹೆಸ್ಸಾ ನಿಮ್ಮ ಬೆರಳಿಗೆ ಚುಚ್ಚಿ ಯಂತ್ರ ನೋಡಿದವರು ಸೀದಾ ಅಡುಗೆಮನೆಗೆ ಬಂದು ಫ್ರಿಜ್ ತೆರೆದರು. ಡಬ್ಬಿಯ ಮುಚ್ಚಳ ತೆಗೆದು ಮೂಸಿದರು.

“ಇದೇನು?”

ಹೇಳಿದೆ.

“ಇದರಲ್ಲಿ ಸಕ್ಕರೆ ಇದೆಯಾ?”

“ಬೆಲ್ಲ ಇದೆ ಮೇಡಂ.”

“ನಾನು ನಿನ್ನ ಮೇಲೆ ನಂಬಿಕೆ ಇಟ್ಟು ಬೆಳಿಗ್ಗೆ ಮನೆ ಬಿಟ್ಟು ಹೋಗುತ್ತೇನೆ ಶೇಖರ್,” ಎಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತಿಂಗಳ ಕೊನೆಗೆ ಟಿಕೆಟ್ ಮಾಡಿಸುತ್ತೇನೆ ಎಂದು ಹೇಳಿ ಹೋದರು. ನಾನು ಪಾತ್ರೆ ತೊಳೆಯುತ್ತ ನಿಂತೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಅದರ ಮರುದಿನ ಶುಕ್ರವಾರ. ಎಲ್ಲರಿಗೂ ರಜೆ. ನೀವು ಕೋಲೂರಿಕೊಂಡು ಅಡುಗೆಮನೆಗೆ ಬಂದವರು ಎಂದಿನ ಕುರ್ಚಿಯಲ್ಲಿ ಕೂರದೆ, ತೋಳು ಮಡಚಿ ಒಲೆಯ ಬಳಿ ನಿಂತಿರಿ. “ಯಲ್ಲಾ, ನಡಿ, ಹೇಳಿಕೊಡು.” ಓಟ್ಸ್ ನೀವೇ ಅಳೆದಿರಿ. ಮೊಟ್ಟೆ ಒಡೆಯುವಾಗ ಚಿಪ್ಪು ಬಿತ್ತು, ಬೆರಳಿನಿಂದ ಹುಡುಕಿ ತೆಗೆದಿರಿ. ಆಮೇಲೆ ಹೆಸ್ಸಾರನ್ನು ಮಹಡಿಯಿಂದ ಕರೆಸಿ, ಅವರ ಕಣ್ಣೆದುರೇ ಬೆರಟಿಯನ್ನು ಅರ್ಧ ಚಮಚ ತೆಗೆದು, ಮೇಲೆ ಉಳಿದದ್ದನ್ನು ಬೆರಳಿನಿಂದ ಸಮ ಮಾಡಿ ತೋರಿಸಿದಿರಿ. “ಕೇಳಿದ್ದು ನಾನು. ಇವನು ಕೊಟ್ಟದ್ದು ತಪ್ಪು, ನಾನು ಕೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ಇನ್ನು ಶುಕ್ರವಾರ ಮಾತ್ರ, ಇಷ್ಟು ಮಾತ್ರ. ನೀನೇ ಪಕ್ಕದಲ್ಲಿ ಕೂತು ನೋಡು,” ಎಂದಿರಿ. ಹೆಸ್ಸಾ ಕೈ ಕಟ್ಟಿ ನಿಂತೇ ಇದ್ದರು. ಟ್ರೇ ಹೊರಗೆ ಬಂದಾಗ ಒಂದು ತುಂಡು ಅವರ ಬಾಯಿಗೂ ಇಟ್ಟಿರಿ, ಐವತ್ತು ದಾಟಿದ ಮಗಳಿಗೆ! ಅವರು ನಗಲಿಲ್ಲ. ಆದರೆ ಕುರ್ಚಿ ಎಳೆದು ಕೂತರು. ಟಿಕೆಟಿನ ಮಾತು ಮತ್ತೆ ಬರಲಿಲ್ಲ.

ಆಮೇಲೆ ಎಷ್ಟು ಶುಕ್ರವಾರಗಳು... ಒಂದು ವರ್ಷದ ಮೇಲೆ ಸ್ವಲ್ಪ. ಮೊದಲೆಲ್ಲ ಹೆಸ್ಸಾ ನಿಂತುಕೊಂಡೇ ನಿಮ್ಮ ಮಾತ್ರೆ ಎಣಿಸಿ ಹೋಗುತ್ತಿದ್ದರು. ಈಗ ಚಹಾ ಆರುವವರೆಗೆ ಕೂರತೊಡಗಿದರು. ನೀವು ನೋಡದ ಮಂಜರೂರನ್ನು ನೀವು ವರ್ಣಿಸುವುದು, ನೋಡಿದ ನಾನು ಹೌದು ಹೌದು ಎನ್ನುವುದು. ಹಡಗು ದಡ ಸೇರುವ ಮೊದಲೇ ಗಾಳಿಯಲ್ಲಿ ಏಲಕ್ಕಿಯ ವಾಸನೆ ಬರುತ್ತಿತ್ತಂತೆ. ಅಷ್ಟು ದೂರ ಏಲಕ್ಕಿ ಬರುವುದಿಲ್ಲ ಮಾಮಾ. ನಾನು ಹೇಳಲಿಲ್ಲ. ಹೇಳಿ ಏನಾಗಬೇಕಿತ್ತು?

ನೀವು ಹೋದದ್ದು ಒಂದು ಸೋಮವಾರ. ಬೆಳಗಿನ ನಮಾಜು ಮುಗಿಸಿ ಮತ್ತೆ ಮಲಗಿದವರು ಏಳಲಿಲ್ಲ. ಒವನ್‌ನಲ್ಲಿ ಟ್ರೇ ಇತ್ತು. ಪರಿಮಳ ಎಂದಿನಂತೆ ಹಜಾರ ದಾಟಿತು. ನೀವು ಬರಲಿಲ್ಲ. ಕರೆಯಲು ಹೋದವನು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು, “ಮಾಮಾ, ಆರಿಹೋಗ್ತದೆ,” ಎಂದು ನನ್ನ ಭಾಷೆಯಲ್ಲಿ ಹೇಳಿದ್ದು ನೆನಪಿದೆ. ಅಷ್ಟು ವರ್ಷದಲ್ಲಿ ನಿಮ್ಮ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು ಅದೊಂದೇ ಸಲ. ಆಮೇಲೆ ಮೂರು ದಿನ ಮನೆ ತುಂಬ ಕಪ್ಪು ಬಟ್ಟೆ ತೊಟ್ಟ ಹೆಂಗಸರು. ಚಹಾ, ಕಹಿ ಕಾಫಿ. ನನಗೆ ಕೂತು ಅಳಲು ಹೊತ್ತು ಸಿಗಲಿಲ್ಲ.

ಈಗ ಆರು ತಿಂಗಳಾಗಿದೆ. ನಾನು ಇದೇ ಮನೆಯಲ್ಲಿದ್ದೇನೆ, ಮಹಡಿಯವರಿಗೆಲ್ಲ ಅಡುಗೆ ಮಾಡುತ್ತೇನೆ. ಕಳೆದ ಭಾನುವಾರ ಬೆಳಿಗ್ಗೆ, ಮನೆಯವರು ಏಳುವ ಮೊದಲು, ಹೆಸ್ಸಾ ಒಬ್ಬರೇ ಕೆಳಗೆ ಬಂದರು. ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಆಸ್ಪತ್ರೆಯದು.

“ನನಗೂ ಬಂದಿದೆ ಶೇಖರ್. ಶುಗರ್. ಮನೆಯಲ್ಲಿ ಯಾರಿಗೂ ಹೇಳಿಲ್ಲ.”

ಕೂತುಕೊಳ್ಳಿ ಮೇಡಂ ಎಂದೆ. ಬೆಳಗಿನ ತಿಂಡಿಗೆಂದು ಬಾದಾಮಿ, ಕೇಸರಿ ಹಾಕಿ ಬೇಯಿಸಿದ ಓಟ್ಸ್ ಇನ್ನೂ ಬಿಸಿಯಿತ್ತು. ಒಂದು ತುಂಡು ಕತ್ತರಿಸಿ ಕೊಟ್ಟೆ. ಅವರು ತಲೆ ತಗ್ಗಿಸಿಕೊಂಡು ತಿಂದರು. ಅರ್ಧ ತಿಂದವರು, ತಲೆ ಎತ್ತದೆಯೇ, ಮೆಲ್ಲಗೆ ಹೇಳಿದರು:

“ಮಾಮಾಗೆ ಹೇಳಬೇಡ. ಗಾಬರಿಯಾಗುತ್ತಾಳೆ.”

ಹೇಳಿಬಿಟ್ಟ ಮೇಲೆ ಅವರಿಗೆ ಅದು ಕೇಳಿಸಿತು. ಚಮಚ ಕೈಯಲ್ಲೇ ನಿಂತಿತು. ನಾನು ಆ ಕಡೆ ತಿರುಗಿ ನಲ್ಲಿ ಬಿಟ್ಟೆ. “ಹೇಳುವುದಿಲ್ಲ ಮೇಡಂ,” ಎಂದೆ.

ಮಾತು ಕೊಟ್ಟವನು ಈಗ ನಿಮಗೆ ಬರೆಯುತ್ತಿದ್ದೇನೆ. ಇನ್ನು ಯಾರಿಗೆ ಬರೆಯಲಿ? ನೀವು ಗಾಬರಿಯಾಗಬೇಡಿ. ಅವರ ಮಾತ್ರೆ ಈಗ ಅಡುಗೆಮನೆಯಲ್ಲೇ ಇದೆ. ತಿನ್ನದೆ ನುಂಗಲು ನಾನು ಬಿಡುವುದಿಲ್ಲ, ಎಷ್ಟು ಅವಸರವಿದ್ದರೂ. ಕೇಳಿದಷ್ಟು ಹಾಕಿಕೊಡುವುದೂ ಇಲ್ಲ. ಯಾರ ಮುಖ ನೋಡಿಯೂ ಇಲ್ಲ. ಗಂಡನಿಗೆ, ಮಕ್ಕಳಿಗೆ ಅವರೇ ಹೇಳುವ ದಿನ ಬರುತ್ತದೆ, ಅಲ್ಲಿಯವರೆಗೆ ನಾನಿದ್ದೇನೆ.

ಒಂದೇ ಒಂದು ಬೇಡಿಕೆ ಮಾಮಾ. ನೀವು ಯಾವತ್ತಾದರೂ ಅವರ ಕನಸಿಗೆ ಹೋದರೆ, ಈ ವಿಷಯ ನಿಮಗೆ ಗೊತ್ತಿದೆ ಎಂದು ತೋರಿಸಿಕೊಳ್ಳಬೇಡಿ.

ನಿಮ್ಮ ಅಡುಗೆಯವನು,
ಶೇಖರ