ಕೆಂಪು ನೂಲಿನ ಮಡಕೆ

೧೯ ಮೇ ೧೯೪೪, ಶುಕ್ರವಾರ

ಬೆಳಿಗ್ಗೆ ಮತ್ತೆ ತಲೆ ಎಣಿಕೆ. ನೀರಿಗೆ ಎರಡು ಗಂಟೆ ಸಾಲು. ನಮ್ಮನ್ನಿಟ್ಟಿರುವುದು ಇಟ್ಟಿಗೆ ಒಣಗಿಸುವ ಚಪ್ಪರದಲ್ಲಿ, ಗೋಡೆಯಿಲ್ಲ. ಮೈಯೆಲ್ಲ ಕೆಂಪು ಧೂಳು. ಊರಲ್ಲಿ ಗಿಜೆಲ್ಲಕ್ಕನದು ಎದುರು ಮನೆ, ಇಲ್ಲಿ ಪಕ್ಕದ ಚಾಪೆ. ಯೆಹೂದಿಗಳೆಂದು ಪೊಲೀಸರು ಬೀದಿಯ ಸಾಲು ಕೆಡಿಸದೆ ಹಿಡಿದು ತಂದಿದ್ದಾರೆ, ಅಷ್ಟು ಉಪಕಾರ.

ಶುಕ್ರವಾರ ಮಧ್ಯಾಹ್ನವೆಂದರೆ... ಬೇಕರಿ. ಸೂರ್ಯ ಮುಳುಗಿದರೆ ಸಬ್ಬತ್, ಶನಿವಾರ ಸಂಜೆಯವರೆಗೆ ಒಲೆ ಹೊತ್ತಿಸುವಂತಿಲ್ಲ, ಬರೆಯುವಂತಿಲ್ಲ. ಬೀದಿಯ ಹೆಂಗಸರೆಲ್ಲ ಕಾಳಿನ ಮಡಕೆ ಕೊಟ್ಟು ಬರುತ್ತಿದ್ದೆವು, ರಾತ್ರಿಯಿಡೀ ಅಲ್ಲೇ ಬೇಯುತ್ತಿತ್ತು. ಗುರುತಿಗೆ ಹಿಡಿಗೆ ನೂಲು. ನನ್ನದು ನೀಲಿ, ಅಕ್ಕನದು ಕೆಂಪು. ಶನಿವಾರ ಪ್ರಾರ್ಥನೆ ಮುಗಿಸಿ ಹೊತ್ತು ತರುವುದು. ಇಲ್ಲಿಯ ಹಾಗೆ ಆಗಲೂ ಊರ ಸುತ್ತ ತಂತಿಯಿತ್ತು — ಸಬ್ಬತ್ತಿನಲ್ಲಿ ಮನೆಯಾಚೆ ಏನೂ ಹೊರುವಂತಿಲ್ಲ, ತಂತಿಯೊಳಗಾದರೆ ದೋಷ ತಟ್ಟದೆಂದು ನಮ್ಮವರೇ ಕಟ್ಟಿದ್ದು. ಬೀದಿಯಿಡೀ ಘಮಘಮ. ನೆನೆದರೆ ಅಳು ಬರುತ್ತದೆ.

ಸೂರ್ಯ ಇಳಿಯುತ್ತಿದ್ದಾನೆ. ಪೆನ್ಸಿಲ್ ಕೆಳಗಿಡಬೇಕು.

೨೧ ಮೇ, ಭಾನುವಾರ

ನಿನ್ನೆ ಬರೆಯಲಿಲ್ಲ. ಇಲ್ಲೂ ಸಬ್ಬತ್ ಸಬ್ಬತ್ತೇ.

ಸಾರೆಂದು ಬಿಸಿನೀರು ಕೊಟ್ಟರು. ಅಕ್ಕ ಇಣುಕಿ ನೋಡಿದಳು. "ಕಾಳು ಇದ್ದಿದ್ರೆ ಇದ್ರಲ್ಲಿ ಈಜು ಕಲೀತಿತ್ತು ಕಣೇ ಸೆರೇನ್."

ನಮ್ಮನ್ನು ಒಯ್ಯಲು ರೈಲು ಬರುತ್ತದಂತೆ. ನಮ್ಮ ಬೀದಿಯಲ್ಲಿ ಅಕ್ಕನ ಮಗ್ಗುಲಿನ ಮನೆಗಳವರು ಮೊದಲು, ನಮ್ಮ ಮಗ್ಗುಲಿನವರು ಆಮೇಲೆ. ಎಲ್ಲಿಗೆ? ಹೊಲದ ಕೆಲಸವಂತೆ.

ಅವಳು ಹೋಗುವ ಮೊದಲು ಹೇಳಿಬಿಡಬೇಕು. ಹದಿಮೂರು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡೆ. ಆ ಚಳಿಗಾಲ ನನ್ನ ಗಂಡ ದೆಜೋಗೆ ಕೆಲಸವಿರಲಿಲ್ಲ, ಮಡಕೆಯಲ್ಲಿ ಬರೀ ಕಾಳು. ಅಕ್ಕನದರಲ್ಲಿ ಹೆಬ್ಬಾತಿನ ಕಾಲು — ಮಗಳು ಇಲ್ಕಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬೇಕರಿಗೆ ಮೊದಲು ಹೋದವಳು ನಾನು. ಅಕ್ಕನ ಮನೆಯವರು ಮಡಕೆ ಹುಡುಕಿ ಬರುವಷ್ಟರಲ್ಲಿ ತಿಂದಾಗಿತ್ತು. ಕಣ್ತಪ್ಪಾಯಿತು ಎಂದೆ, ಅಕ್ಕ ನಂಬಿದಳು. ಕಣ್ತಪ್ಪಲ್ಲ. ಕೆಂಪು ನೂಲು ನೋಡಿಯೇ ಎತ್ತಿದ್ದು.

ನೆಂಟರಿಗೆ ನನ್ನ ಒಣ ಕಾಳು ಬಡಿಸಿದರು. ಸಂಬಂಧ ಮುರಿಯಿತು. ಇಲ್ಕಾ ಮುನಿಸಿಕೊಂಡು ಕಡಲಾಚೆಯ ಹೈಫಾಗೆ ಹೊರಟುಹೋದಳು.

೨೩ ಮೇ, ಮಂಗಳವಾರ

ನಿನ್ನೆ ಹೇಳಿದೆ. ಎಲ್ಲ. ಅಕ್ಕ ಆ ಕಡೆ ತಿರುಗಿ ಮಲಗಿದಳು. ಇವತ್ತು ಮಧ್ಯಾಹ್ನದವರೆಗೂ ಅಷ್ಟೇ. ಯಾಕಾದರೂ ಬಾಯಿ ಬಿಟ್ಟೆನೋ ಅನ್ನಿಸಿತು.

ನಾಲ್ಕು ಗಂಟೆಗೆ ಲಿಸ್ಟ್ ಓದಿದರು. ಅಕ್ಕನ ಹೆಸರಿತ್ತು. ಗಂಟು ಕಟ್ಟುತ್ತಾ, ನನ್ನ ಮುಖ ನೋಡದೆಯೇ:

"ಆ ಗಂಡು ಎಲ್ಲಿದಾನೆ ಗೊತ್ತಾ? ಆ ಇಟ್ಟಿಗೆ ಗೂಡಿನ ಹತ್ರ. ಹೆಂಡ್ತಿ, ಮೂರು ಮಕ್ಳು. ನೀನು ಕದೀದೆ ಇದ್ದಿದ್ರೆ ಇಲ್ಕಾನೂ ಈಗ ಅಲ್ಲೇ ಇರ್ತಿದ್ಲು, ಆ ಮೂರೂ ನನ್ನ ಮೊಮ್ಮಕ್ಳಾಗಿರ್ತಿದ್ವು."

ನಾನು ಗೂಡಿನ ಕಡೆ ತಿರುಗಿ ನೋಡಿದೆ.

"ಬೈದ್ಕೋತಿದ್ದೆ ನಿನ್ನ, ರಾತ್ರಿಯೆಲ್ಲಾ. ಬೆಳಗಾಗೋ ಹೊತ್ಗೆ ಬೈಗುಳ ಮುಗೀತು." ಗಂಟು ಬಿಗಿದಳು. "ಅದಿರ್ಲಿ. ಉಪ್ಪು ಸರಿಯಿತ್ತಾ? ನಾನು ತಿನ್ಲೇ ಇಲ್ವಲ್ಲೇ."

ಅಳುತ್ತಿದ್ದೆ, ನಗುತ್ತಿದ್ದೆ. ನಾಳೆ ಬೆಳಿಗ್ಗೆ ಹೇಳ್ತೀನಿ ಅಕ್ಕಾ ಎಂದೆ.

೨೪ ಮೇ, ಬುಧವಾರ

ಬೆಳಕು ಹರಿಯುವ ಮೊದಲೇ ಎಬ್ಬಿಸಿದರು. ನಮ್ಮನ್ನು ಚಪ್ಪರದಿಂದ ಈಚೆ ಬಿಡಲಿಲ್ಲ. ಅವಳ ತಲೆವಸ್ತ್ರ ಮಾತ್ರ ಕಂಡಿತು.

ಚಾಪೆ ಖಾಲಿ.

೨೬ ಮೇ, ಶುಕ್ರವಾರ

ನಮ್ಮ ಮಗ್ಗುಲಿನ ಲಿಸ್ಟ್ ಬಂತು. ಈಗಲೇ ಹೊರಡಬೇಕಂತೆ. ಒಂದೇ ಕಡೆಗೆ ಅನ್ನುತ್ತಾರೆ, ಹಾಗಾದರೆ ಸಿಗುತ್ತಾಳೆ. ಕಂಡ ಕೂಡಲೇ ಹೇಳಬೇಕು. ಉಪ್ಪು ಹದವಾಗಿತ್ತು ಅಕ್ಕಾ. ಬೆಳ್ಳುಳ್ಳಿ ಒಂದು ಎಸಳು ಹೆಚ್ಚೇ. ಮಾಂಸ ಮುಟ್ಟಿದರೆ ಸಾಕು, ಎಲುಬಿನಿಂದ ತಾನಾಗಿ—