ಮಂಚದ ಮ್ಯಾಲಿಂದಲೇ ಓದ್ರಿ

ರೀ,

ಎದ್ದು ಹತ್ರ ಬರಬ್ಯಾಡ್ರಿ. ಮಂಚದ ಮ್ಯಾಲೇ ಕುಂತು, ಚಶ್ಮಾ ಇಲ್ದ ಓದ್ರಿ. ಅದಕ್ಕೇ ಇದನ್ನ ಎದುರಿನ ಅಲಮಾರಿಗಿ ಅಂಟಿಸೀನಿ. ಕೆಳಗ ಬಂದಂಗ ಅಕ್ಷರ ಸಣ್ಣ ಮಾಡ್ಕೋತ ಹೋಗೀನಿ.

ಹಳೇ ಚಶ್ಮಾ ಹುಡುಕಬ್ಯಾಡ್ರಿ, ನನ್ನ ಬ್ಯಾಗಿನ್ಯಾಗ ಅದ.

ಮದಲ ಡ್ರಾಪ್ಸ್ ಹಾಕ್ಕೋರಿ, ಆಮ್ಯಾಲೆ ಎರಡು ತಾಸಿಗೊಮ್ಮೆ. ಕಣ್ಣು ತಿಕ್ಕಬ್ಯಾಡ್ರಿ. ಎಷ್ಟು ಸಲ ಹೇಳಬೇಕು! ಹತ್ತಿ ಮಿಲ್ಲಿನ ಕಡಿ ಒಂದು ವಾರ ಹೋಗೂ ಮಾತೇ ಇಲ್ಲ, ಆ ಧೂಳು ಆಗಂಗಿಲ್ಲ.

ಅತ್ತಿಯವರು ಔಡಲೆಣ್ಣಿ ಬಟ್ಟಲ ಹಿಡ್ಕೊಂಡು ಬರ್ತಾರ. "ಎರಡು ಹನಿ ಬಿಟ್ಕೋಪಾ, ಕಣ್ಣು ತಂಪಾಗ್ತಾವ" ಅಂತಾರ. ಕೈ ಮುಗಿದು ಬ್ಯಾಡ ಅನ್ರಿ. ನಾ ಹೇಳಿದ್ರ ಜಗಳ ಆಗ್ತದ.

ನಿನ್ನಿ ಕಣ್ಣಿಗಿ ಲೇಸರ್ ಮಾಡಿಸ್ಕೊಂಡು ಕಲಬುರಗಿಯಿಂದ ಬರೂ ಮುಂದ "ಎಲ್ಲಾ ಹೊಗಿ ಹೊಗಿ ಕಾಣ್ತದ" ಅಂದ್ರಿ. ಮುಂಜಾನಿಗಿ ತಿಳಿ ಆಗ್ತದಂತ ಡಾಕ್ಟರ್ ಹೇಳ್ಯಾರ. ಈಗ ನಿಮ್ಮನ್ನ ಎಬ್ಬಿಸಿ ಕೇಳಾಕ ಧೈರ್ಯ ಆಗವಲ್ದು. ನಾಳಿ ಚೆಕಪ್ ತನಕ ತಡ್ಕೊಳ್ಳಾಕೂ ಆಗವಲ್ದು. ಮುದನಾಳ ಸಾಲಿಗಿ ಹೋಗೂ ಬಸ್ಸಿನ ಟೈಮ್ ಆತು. ಚಪ್ಪಲಿ ಹಾಕ್ಕೊಂಡೇ ಬರಿಯಾಕತ್ತೀನಿ.

ಇದು ಎಲ್ಲಕ್ಕಿಂತ ಸಣ್ಣ ಅಕ್ಷರ. ಚಶ್ಮಾನೇ ಸಾಕು ಅಂದಿದ್ರಿ ನೀವು. ನಾನೇ ಹಟ ಹಿಡಿದು ಮಾಡಿಸ್ದೆ. ಏನರ ಹೆಚ್ಚುಕಮ್ಮಿ ಆಗಿದ್ರ ಅದು ನನ್ನ ತಪ್ಪು. ಇಷ್ಟು ಕಂಡಿತಂದ್ರ ಅತ್ತಿಯವರ ಫೋನಿನಿಂದ ಒಂದು ಮಿಸ್ ಕಾಲ್ ಕೊಡಸ್ರಿ. ಕಾಲ್ ಬರಲಿಲ್ಲಂದ್ರ ಸಂಜಿಗಿ ಬಂದು ಈ ಮಾತು ನಾನೇ ನಿಮ್ಮ ಮುಂದ ಓದಿ ಹೇಳಬೇಕಾಗ್ತದ. ಅದು ನನ್ನ ಕೈಲೆ ಆಗಂಗಿಲ್ಲ.